ಹತ್ತೊಂಬತ್ತು

ತಲೆ ತಿರುಗುತ್ತದೆ ಎಂದು ಬಂದವಳಿಗೆ
ತಲೆ ತಿರುಗಿಸು ಎನ್ನುವುದೇ ನನ್ನ ಕಸುಬು.
ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ,
ಕಣ್ಣು ಮಾತ್ರ ಗೋಡೆಯ ಆ ಒಂದೇ ಅಕ್ಷರದ ಮೇಲೆ.
ಮೊದಲ ದಿನ ದೋಸಿಂದಾ ವಾಂತಿ ಮಾಡಿಕೊಂಡಳು
ನನ್ನ ಹೊಸ ಬೂಟಿನ ಮೇಲೆ.
ಬಾಯಿ ಒರೆಸಿಕೊಂಡು ಅಂದಳು:
"ಐವತ್ತೆಂಟು ವರ್ಷ. ದೋಣಿಯಲ್ಲಿ ಒಮ್ಮೆಯೂ ಹೀಗಾಗಲಿಲ್ಲ."

ಗಲೀಸಿಯಾದ ಈ ತುದಿಯಲ್ಲಿ ನೆಲ ಮುಗಿಯುವುದು
ಕಡಲು ಹಲ್ಲು ಮಸೆಯುವ ಕಡೆ.
ಅಲ್ಲಿ ಬಂಡೆಗೆ ಕಚ್ಚಿಕೊಂಡು ಬೆಳೆಯುತ್ತವೆ ಪೆರ್ಸೆಬೆ,
ಕಪ್ಪು ತೊಗಲಿನ ಬೆರಳು, ತುದಿಗೆ ಗಿಳಿಮೂತಿಯ ಉಗುರು.
ಎರಡು ಅಲೆಗಳ ನಡುವೆ ಇಳಿಯಬೇಕು,
ಕೆರೆಯಬೇಕು,
ಮೂರನೆಯದು ಬರುವ ಮೊದಲು ಹತ್ತಬೇಕು.
ಅವಳ ಅವ್ವ ಇಳಿದಳು.
ಅವ್ವನ ಅಕ್ಕ ಇಳಿದವಳು ಹತ್ತಲಿಲ್ಲ.
ದೋಸಿಂದಾ ಇಳಿದಳು, ನಲವತ್ತು ಚಳಿಗಾಲ,
ಸೊಂಟಕ್ಕೆ ಹಗ್ಗ, ಕೈಯಲ್ಲಿ ಉಳಿಯಂಥ ಸಲಿಕೆ.

ಹೋದ ನವೆಂಬರಿನ ಒಂದು ಮಂಗಳವಾರ
ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಬಿದ್ದಳು.
ಎಡಗಿವಿಯ ಆಳದಲ್ಲಿ ಮೂರು ಪುಟ್ಟ ಬಳೆ,
ಬಳೆಯೊಳಗೆ ನೀರು,
ಆ ನೀರಿನ ಸುದ್ದಿ ಹೊತ್ತು ತರುವ ನರವನ್ನು
ಯಾವುದೋ ಜ್ವರ ಸುಟ್ಟುಬಿಟ್ಟಿತ್ತು.
ಹನಿಯಷ್ಟು ಕಡಲು. ಅದು ಮಾತು ಬಿಟ್ಟದ್ದೇ ತಡ
ಮನೆಯ ಗೋಡೆಗಳೆಲ್ಲ ಹಾಯಿ ಬಿಚ್ಚಿದವು.

ಸ್ಪಂಜಿನ ಮೇಲೆ ನಿಲ್ಲಿಸಿದೆ, ಕಣ್ಣು ಮುಚ್ಚಿಸಿದೆ.
ನಿಂತಲ್ಲೇ ಐವತ್ತು ಹೆಜ್ಜೆ ಹಾಕು ಎಂದೆ;
ಕಿಟಕಿಗೆ ಮುಖ ಮಾಡಿ ಹೊರಟವಳು
ಕಣ್ಣು ತೆರೆದಾಗ ಕಪಾಟಿನ ಎದುರಿಗಿದ್ದಳು.
"ಯಾರು ತಿರುಗಿಸಿದರು ನನ್ನ?" ಎಂದು ನಿಜವಾಗಿ ಬೈದಳು.
ಮನೆಗೆಲಸವೆಂದು ಸೂಪರ್‌ಮಾರ್ಕೆಟ್ಟಿಗೆ ಕಳಿಸಿದೆ:
ಸಾಲಿನ ಉದ್ದಕ್ಕೂ ನಡೆ, ಅತ್ತ ಇತ್ತ ನೋಡು.
ಡಬ್ಬಿಗಳೆಲ್ಲ ಮೆರವಣಿಗೆ ಹೊರಟವಂತೆ,
ಗಂಡ ಎಲಾದಿಯೋನ ತೋಳು ಹಿಡಿದು
ಟೊಮ್ಯಾಟೊ ಡಬ್ಬಿಯ ಹತ್ತಿರ ಅತ್ತಳಂತೆ. ಅವನೇ ಹೇಳಿದ,
ಅವಳು ಹೇಳಲಿಲ್ಲ.

ಅವಳು ಹೇಳಿದ್ದು ಇಷ್ಟು:
"ನಿನ್ನ ಸ್ಪಂಜು ಮೂರ್ಖ.
ಕಡಲು ಹೇಳದೆ ಕೇಳದೆ ಅಲುಗುವುದಿಲ್ಲ, ಮಗಳೇ,
ಬರುವ ಮೊದಲು ಒಮ್ಮೆ ಉಸಿರು ಒಳಗೆಳೆದುಕೊಳ್ಳುತ್ತದೆ."

ಮಾರ್ಚಿನಲ್ಲಿ ಕಾಗದ ತಂದಳು. ಪರವಾನಗಿಯ ನವೀಕರಣ.
ಕೊನೆಯ ಪುಟದಲ್ಲಿ ಒಂದು ಚೌಕ, ನನ್ನ ಸಹಿಗೆ ಒಂದು ಗೆರೆ.
ನಡೆಯ ಪರೀಕ್ಷೆಗೆ ಇಪ್ಪತ್ನಾಲ್ಕು ಅಂಕ.
ನಡೆದಳು, ಓಡುನಡಿಗೆಯಲ್ಲಿ ಬಂದಳು,
ಬೂಟಿನ ಪೆಟ್ಟಿಗೆ ದಾಟಿದಳು,
ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದಳು.
ಹತ್ತೊಂಬತ್ತು.
ಇಪ್ಪತ್ತಾಗಿದ್ದರೆ ನನ್ನ ಪೆನ್ನು ಇಷ್ಟು ಭಾರವಾಗುತ್ತಿರಲಿಲ್ಲ.
"ಕಂಬಿ ಯಾಕೆ ಹಿಡಿದೆ?"
"ಇತ್ತಲ್ಲ, ಅದಕ್ಕೆ.
ಬಂಡೆಯಲ್ಲಿ ಸಿಕ್ಕ ಹಿಡಿತ ಬಿಟ್ಟವರು
ನಿನ್ನ ಹತ್ತಿರ ಬರುವುದಿಲ್ಲ."

ಭಾನುವಾರ ನನ್ನನ್ನು ಕರೆದೊಯ್ದಳು.
ನಾನು ಒಳನಾಡಿನವಳು, ಔರೆನ್ಸೆಯ ಕಡೆಯವಳು,
ಕಡಲೆಂದರೆ ನನಗೆ ಟವೆಲು, ಮರಳು.
ಕೆಳಗೆ ಅವಳ ಸೋದರಸೊಸೆ ಉಶಿಯಾ, ಇನ್ನೂ ಮೂವರು,
ಹಗ್ಗದ ತುದಿಯಲ್ಲಿ ಕರಿಯ ಚುಕ್ಕೆಗಳು.
ಗಾಳಿ ನನ್ನನ್ನು ತಳ್ಳಿತು, ಅವಳನ್ನಲ್ಲ.
ಕಾಲಗಲಿಸಿ, ಮಂಡಿ ಸಡಿಲಿಸಿ ನಿಂತಿದ್ದಳು
ನಾನು ನಾಲ್ಕು ತಿಂಗಳು ಕಲಿಸಿದಂತೆ;
ಅಥವಾ ನನಗೆ ಕಲಿಸಿದವರು
ಇಂಥವಳೊಬ್ಬಳನ್ನು ನೋಡಿ ಬರೆದುಕೊಂಡಂತೆ.
ಆಗ ಎಡಗಡೆ ಏನೋ ಉಬ್ಬಿತು.
ಥಟ್ಟನೆ ಅತ್ತ ತಿರುಗಿದಳು.
ಹಿಮ್ಮಡಿ ಹೆಬ್ಬೆರಳಗಲ ಸರಿಯಿತು.
ಹೆಬ್ಬೆರಳಗಲ, ಅಷ್ಟೇ.
ನಾನು ನೋಡಿದೆ.
ನಾನು ನೋಡಿದ್ದನ್ನು ಅವಳು ನೋಡಿದಳು.

ಮಾತಿಲ್ಲದೆ ಹಟ್ಟಿಗೆ ಬಂದು
ಕುದಿಸಿದ ಪೆರ್ಸೆಬೆಯ ತಟ್ಟೆ ನನ್ನ ಮುಂದಿಟ್ಟಳು.
ತಿರುಚಿ ಎಳೆದೆ, ಬಿಸಿ ಉಪ್ಪುನೀರು ಕಣ್ಣಿಗೇ ಚಿಮ್ಮಿತು.
ಮೊದಲ ಸಲ ಅವಳು ನಕ್ಕದ್ದು ಕೇಳಿದೆ,
ಕಣ್ಣು ಬಿಡಲಾಗದೆ, ಮೇಜಿನಂಚು ತಡಕುತ್ತ.

"ಹತ್ತೊಂಬತ್ತು ಅಂತಲೇ ಬರೆ," ಅಂದಳು.
"ಬುಧವಾರ ಬರುತ್ತೇನೆ.
ಅಷ್ಟರಲ್ಲಿ
ಆ ಕಂಬಿ ಬಿಚ್ಚಿಸಿಡು."